50 ವರ್ಷದ ವಿಮಾನಕ್ಕೆ ಹೊಸ ಮೀಟರ್ ಹಾಕುವುದು ಇಷ್ಟು ಕಷ್ಟವೇಕೆ?

ಗಂಗಾವತಿಯಲ್ಲಿ ಅಕ್ಕಿ ಗಿರಣಿ ನಡೆಸುವ ಪರಿಚಯದವರೊಬ್ಬರು ಮಗನನ್ನು ಪೈಲಟ್ ತರಬೇತಿಗೆಂದು ಅಮೆರಿಕಕ್ಕೆ ಕಳಿಸಿದ್ದಾರೆ. ಹೋದ ತಿಂಗಳು ಹುಡುಗ ತಾನು ಕಲಿಯುತ್ತಿರುವ ವಿಮಾನದ ಫೋಟೊ ಕಳಿಸಿದ. ನಾಲ್ಕು ಸೀಟಿನ ಸೆಸ್ನಾ 172, ತಯಾರಾದದ್ದು 1976ರಲ್ಲಿ. ಅಪ್ಪನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ನನಗೆ ಫೋನ್ ಮಾಡಿದರು: "ಅಲ್ರಿ ಸರ, ಈ ವಿಮಾನ ನನಗಿಂತ ಒಂದ್ ವರ್ಷ ದೊಡ್ಡದೈತಿ. ನಮ್ಮ ಗಿರಣಿ ಲಾರಿಗೆ ಹದಿನೈದು ವರ್ಷ ಆತಂದ್ರ ಎಫ್‌ಸಿ ಮಾಡಸಾಕ ಹೋದಾಗ ನೂರೆಂಟು ತಕರಾರು ತೆಗೀತಾರ. ಇದನ್ನ ಹೆಂಗ ಹಾರಸಾಕ ಬಿಟ್ಟಾರ?"

ಎರಡು ದಿನ ಬಿಟ್ಟು ಮತ್ತೆ ಫೋನ್. ಮಗ ಹೇಳಿದ್ದನಂತೆ, ಹಳೆ ವಿಮಾನವಾದರೂ ಮುಂದಿನ ಮೀಟರ್ ಬೋರ್ಡಿನಲ್ಲಿ ಹೊಸ ಸ್ಕ್ರೀನ್ ಇದೆ, ಹತ್ತು ಹದಿನೈದು ವರ್ಷದ ಹಿಂದೆ ಇದನ್ನು ಹಾಕಿಸುವುದು ಬಹಳ ಕಷ್ಟವಿತ್ತು, ಈಗ ನಿಯಮ ಸಡಿಲ ಮಾಡಿದ್ದಾರೆ ಎಂದು. ಅಪ್ಪನ ಹೆದರಿಕೆ ಈಗ ಆ ಒಂದು ಶಬ್ದದ ಮೇಲೆ ಬಂದು ನಿಂತಿತ್ತು. "ಸಡಿಲ ಅಂದ್ರ ಏನ್ರಿ? ವಿಮಾನದಾಗ ಸಡಿಲ ಮಾಡೂದಂದ್ರ ಏನು?"

ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದದ್ದನ್ನು ಕಂಡ ನಾವು, ಹಳೆಯದು, ಸಡಿಲ ಎಂಬ ಮಾತುಗಳನ್ನು ಹಗುರವಾಗಿ ಕೇಳುವವರಲ್ಲ. ಇದು ಒಬ್ಬರ ಮನೆಯ ಪ್ರಶ್ನೆಯೂ ಅಲ್ಲ. ತೋರಣಗಲ್ಲಿನಲ್ಲಿ ಜಿಂದಾಲ್ ವಿಮಾನ ನಿಲ್ದಾಣವಿದೆ, ಕೊಪ್ಪಳದ ಗಿಣಿಗೇರಾ ಹತ್ತಿರ ಖಾಸಗಿ ಏರ್‌ಸ್ಟ್ರಿಪ್ ಇದೆ, ರಾಯಚೂರಿನ ಯರಮರಸ್ ನಿಲ್ದಾಣದ ಮಾತು ಮನೆಮನೆಯಲ್ಲಿದೆ, ಕಲಬುರಗಿಯಲ್ಲಿ ಪೈಲಟ್ ತರಬೇತಿ ಶಾಲೆಗಳು ಬಂದಿವೆ. ಸಣ್ಣ ವಿಮಾನ ಹತ್ತುವ ಮಕ್ಕಳು ನಮ್ಮ ಕಡೆ ಹೆಚ್ಚುತ್ತಿದ್ದಾರೆ. ಹಾಗಾಗಿ ಅವರಿಗೆ ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ಬುಡದಿಂದ ಬರೆಯುತ್ತಿದ್ದೇನೆ.

ಹಳೆ ವಿಮಾನಗಳೇ ಯಾಕೆ?

ಅಮೆರಿಕದಲ್ಲಿ ಒಂದೇ ಎಂಜಿನ್ನಿನ ಸಣ್ಣ ವಿಮಾನಗಳ ಸರಾಸರಿ ವಯಸ್ಸು 40 ವರ್ಷ ದಾಟಿದೆ. ಅಂದರೆ ಹುಡುಗನ ವಿಮಾನ ಅಲ್ಲಿ ಅಪರೂಪದ್ದೇನಲ್ಲ.

ಕಾರಣ ಅಲ್ಲಿನ ಕಾರ್ಖಾನೆಗಳ ಕಥೆಯಲ್ಲಿದೆ. 1978ರಲ್ಲಿ ಆ ದೇಶದ ಕಂಪನಿಗಳು ಒಂದೇ ವರ್ಷಕ್ಕೆ 17,800ರ ಆಸುಪಾಸು ಸಣ್ಣ ವಿಮಾನ ತಯಾರಿಸಿದ್ದವು. 1994ರ ಹೊತ್ತಿಗೆ ಅದು ಸಾವಿರಕ್ಕಿಂತ ಕೆಳಗಿಳಿದಿತ್ತು. ಕುಸಿತಕ್ಕೆ ಹಲವು ಕಾರಣಗಳಿದ್ದವು, ಅವುಗಳಲ್ಲಿ ಎದ್ದು ಕಾಣುವುದು ಕೋರ್ಟ್ ಕೇಸುಗಳ ಹೊರೆ. ಮೂವತ್ತು ವರ್ಷದ ಹಿಂದೆ ಮಾರಿದ ವಿಮಾನ ಇವತ್ತು ಬಿದ್ದರೂ ತಯಾರಕನ ಮೇಲೆ ದಾವೆ ಹೂಡಬಹುದಿತ್ತು. ಸೆಸ್ನಾ ಕಂಪನಿ 1986ರಲ್ಲಿ 172 ಮಾದರಿಯ ತಯಾರಿಕೆಯನ್ನೇ ನಿಲ್ಲಿಸಿತು. 18 ವರ್ಷ ದಾಟಿದ ಸಣ್ಣ ವಿಮಾನಗಳ ಬಗ್ಗೆ ತಯಾರಕರ ಮೇಲೆ ದಾವೆಗೆ ಮಿತಿ ಹಾಕುವ ಕಾನೂನು 1994ರಲ್ಲಿ ಬಂತು, 1996ರಲ್ಲಿ ತಯಾರಿಕೆ ಮತ್ತೆ ಶುರುವಾಯಿತು. ಅಷ್ಟರಲ್ಲಿ ಹೊಸ ವಿಮಾನದ ಬೆಲೆ ಸಾಮಾನ್ಯರ ಕೈಗೆ ಸಿಗದಷ್ಟು ಮೇಲೇರಿತ್ತು. ಜನ ಹಳೆಯದನ್ನೇ ಜತನ ಮಾಡಿಕೊಂಡು ಬಂದರು. 172 ಒಂದೇ ಮಾದರಿಯಲ್ಲಿ ಇದುವರೆಗೆ 44,000ಕ್ಕೂ ಹೆಚ್ಚು ವಿಮಾನ ತಯಾರಾಗಿವೆ. ಜಗತ್ತಿನಲ್ಲಿ ಬೇರೆ ಯಾವ ಮಾದರಿಯ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ಹುಟ್ಟಿಲ್ಲ.

ವಿಮಾನದ ಜಾತಕ

ವಿಮಾನ ಮಾರಾಟಕ್ಕೆ ಬರುವ ಮುಂಚೆ ಅದರ ಮಾದರಿಗೆ ಸರ್ಕಾರದ ಒಪ್ಪಿಗೆ ಬೇಕು. ಆ ಒಪ್ಪಿಗೆಯ ಹೆಸರು ಟೈಪ್ ಸರ್ಟಿಫಿಕೇಟ್. ಅಮೆರಿಕದಲ್ಲಿ ಇದನ್ನು ಕೊಡುವುದು ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ. ನಮ್ಮಲ್ಲಿ ಆ ಕೆಲಸ ಡಿಜಿಸಿಎಯದು.

ಇದನ್ನು ಆ ಮಾದರಿಯ ಜಾತಕ ಎನ್ನಬಹುದು. ಯಾವ ಎಂಜಿನ್, ಯಾವ ಪ್ರೊಪೆಲ್ಲರ್ ಫ್ಯಾನು, ಎಷ್ಟು ತೂಕ, ತೂಕದ ನಡುಬಿಂದು ಎಲ್ಲಿರಬೇಕು, ಎಷ್ಟು ವೇಗ ಮೀರಬಾರದು, ಯಾವ ಯಾವ ಉಪಕರಣ ಇರಲೇಬೇಕು, ಎಲ್ಲವೂ ಅದರಲ್ಲಿ ದಾಖಲಾಗಿರುತ್ತದೆ. ಆಮೇಲೆ ಕಾರ್ಖಾನೆಯಿಂದ ಬರುವ ಒಂದೊಂದು ವಿಮಾನಕ್ಕೂ ಹಾರಲು ಯೋಗ್ಯ ಎಂಬ ಬೇರೆ ಪತ್ರ ಕೊಡುತ್ತಾರೆ. ಆ ಪತ್ರದ ಜೀವ ಇರುವುದು ಒಂದೇ ಶರತ್ತಿನ ಮೇಲೆ: ವಿಮಾನ ಜಾತಕಕ್ಕೆ ಹೊಂದಿಕೊಂಡೇ ಇರಬೇಕು. ಮಾಲೀಕ ತನಗೆ ತೋಚಿದಂತೆ ಏನಾದರೂ ಬದಲಾಯಿಸಿದ ದಿನವೇ ಆ ಪತ್ರ ಬೆಲೆ ಕಳೆದುಕೊಳ್ಳುತ್ತದೆ.

"ಒಳ್ಳೇದನ್ನ ಹಾಕಿದ್ರೂ ತಪ್ಪೇನ್ರಿ?" ಎಂದು ಗಿರಣಿ ಮಾಲೀಕರು ಇಲ್ಲಿ ತಡೆದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಡ್ಯಾಮಿನ ಗೇಟನ್ನೇ ನೋಡೋಣ. ಹಳೆ ಗೇಟಿಗಿಂತ ಎರಡು ಪಟ್ಟು ದಪ್ಪ ಉಕ್ಕಿನ ಗೇಟು ತಂದು ಕೂರಿಸಿದರೆ ಅದು ಗಟ್ಟಿ ಎನ್ನುವುದು ನಿಜ. ಆದರೆ ಆ ತೂಕವನ್ನು ಹಳೆ ಚೈನು ಎಳೆಯಬಲ್ಲದೇ, ಹಳೆ ಮೋಟರ್ ಎತ್ತಬಲ್ಲದೇ, ಕಂಬ ತಾಳಬಲ್ಲದೇ? ಒಂದು ಭಾಗ ಒಳ್ಳೆಯದಾದ ಮಾತ್ರಕ್ಕೆ ಇಡೀ ವ್ಯವಸ್ಥೆ ಒಳ್ಳೆಯದಾಗುವುದಿಲ್ಲ. ವಿಮಾನದಲ್ಲಿ ಒಂದು ಮೀಟರ್ ಬದಲಾದರೆ ವೈರಿಂಗ್ ಬದಲಾಗುತ್ತದೆ, ಬ್ಯಾಟರಿಯ ಮೇಲಿನ ಭಾರ ಬದಲಾಗುತ್ತದೆ, ರೇಡಿಯೊದಲ್ಲಿ ಗೊರಗೊರ ಶುರುವಾಗಬಹುದು, ದಿಕ್ಸೂಚಿ ತಪ್ಪು ತೋರಿಸಬಹುದು. ಲಾರಿ ಕೆಟ್ಟರೆ ಹೊಸಪೇಟೆ ರಸ್ತೆ ಬದಿಗೆ ನಿಲ್ಲಿಸಿ ಗ್ಯಾರೇಜಿನವರನ್ನು ಕರೆಯಬಹುದು. ಆಕಾಶದಲ್ಲಿ ರಸ್ತೆ ಬದಿ ಇಲ್ಲ.

ಬದಲಾವಣೆಗೆ ಇರುವ ಬಾಗಿಲುಗಳು

ಹಾಗಂತ ಏನನ್ನೂ ಮುಟ್ಟಲೇಬಾರದು ಎಂದಿಲ್ಲ. ನಿಯಮದ ಕಣ್ಣಿನಲ್ಲಿ ಬದಲಾವಣೆ ಎರಡು ಬಗೆ. ತೂಕ, ಗಟ್ಟಿತನ, ಎಂಜಿನ್ ಕೆಲಸ, ಹಾರುವ ಗುಣ ಇವುಗಳ ಮೇಲೆ ಗಮನಾರ್ಹ ಪರಿಣಾಮ ಆಗದಿದ್ದರೆ ಅದು ಸಣ್ಣ ಬದಲಾವಣೆ. ಲೈಸೆನ್ಸ್ ಇರುವ ಮೆಕ್ಯಾನಿಕ್ ಮಾಡಿ, ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿದರೆ ಮುಗಿಯಿತು. ಪರಿಣಾಮ ಆಗುವಂತಿದ್ದರೆ ಅದು ದೊಡ್ಡ ಬದಲಾವಣೆ. ಅದಕ್ಕೆ ಒಪ್ಪಿಗೆ ಪಡೆದ ವಿನ್ಯಾಸದ ದಾಖಲೆ ಬೇಕು.

ಅಂಥ ದಾಖಲೆಗಳಲ್ಲಿ ಮುಖ್ಯವಾದದ್ದು ಸಪ್ಲಿಮೆಂಟಲ್ ಟೈಪ್ ಸರ್ಟಿಫಿಕೇಟ್, ಚಿಕ್ಕದಾಗಿ ಎಸ್‌ಟಿಸಿ. ಹೆಸರು ಉದ್ದವಿದ್ದರೂ ಸಂಗತಿ ನಮಗೆ ಗೊತ್ತಿರುವುದೇ. ಆಟೊಗೆ ಗ್ಯಾಸ್ ಕಿಟ್ ಹಾಕಿಸುವಾಗ ಏನಾಗುತ್ತದೆ? ಕಿಟ್ ತಯಾರಿಸಿದವರು ಇಂಥ ಮಾದರಿಯ ಗಾಡಿಗೆ ಇದು ಸರಿಹೊಂದುತ್ತದೆ ಎಂದು ಮೊದಲೇ ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆದಿರುತ್ತಾರೆ. ನಾವು ಹಾಕಿಸಿ ಆರ್‌ಸಿಯಲ್ಲಿ ನಮೂದು ಮಾಡಿಸುತ್ತೇವೆ. ಎಸ್‌ಟಿಸಿ ಕೂಡ ಅಷ್ಟೇ: ಮೂಲ ಜಾತಕಕ್ಕೆ ಸೇರಿಸಿದ ಒಂದು ಹೆಚ್ಚುವರಿ ಪುಟ.

ತೊಡಕು ಇದ್ದದ್ದು ಆ ಪುಟ ಬರೆಸುವ ಖರ್ಚಿನಲ್ಲಿ. ಲಕ್ಷಾಂತರ ಆಟೊಗಳಿಗೆ ಮಾರುವ ಕಿಟ್‌ಗೆ ಪರೀಕ್ಷೆಯ ಖರ್ಚು ಹಂಚಿಹೋಗುತ್ತದೆ. ಯಾವುದೋ ಹಳೆ ಮಾದರಿಯ ವಿಮಾನ ಇಡೀ ದೇಶದಲ್ಲಿ ಮುನ್ನೂರು ಉಳಿದಿದ್ದರೆ, ಪರೀಕ್ಷೆಯ ಅಷ್ಟೂ ಖರ್ಚು ಆ ಮುನ್ನೂರು ಜನರ ತಲೆಯ ಮೇಲೆ ಬೀಳುತ್ತದೆ. ತಯಾರಕ ಆ ಕಡೆ ತಲೆಯೇ ಹಾಕುವುದಿಲ್ಲ.

ಬುಗುರಿ ನಿಂತಾಗ

ಇದರಿಂದ ಯಾರಿಗೆ ಏನು ನಷ್ಟವಾಯಿತು ಎಂದು ತಿಳಿಯಬೇಕಾದರೆ ಒಂದು ಉಪಕರಣವನ್ನು ಬಿಚ್ಚಿ ನೋಡಬೇಕು. ಈ ವಿಷಯದ ತಿರುಳು ಇರುವುದೇ ಇಲ್ಲಿ.

ಮೋಡದೊಳಗೆ ಹೋದ ಪೈಲಟ್‌ಗೆ ಭೂಮಿ ಕಾಣುವುದಿಲ್ಲ, ದಿಗಂತ ಕಾಣುವುದಿಲ್ಲ. ವಿಮಾನ ನೆಟ್ಟಗಿದೆಯೋ ವಾಲಿದೆಯೋ ಎಂದು ಮೈಗೆ ಗೊತ್ತಾಗುತ್ತದೆ ಎಂದುಕೊಂಡರೆ ಅದು ಭ್ರಮೆ. ಸಮತೋಲ ತಿಳಿಸುವುದು ನಮ್ಮ ಒಳಗಿವಿಯಲ್ಲಿರುವ ದ್ರವ. ವಿಮಾನ ನಿಧಾನಕ್ಕೆ ವಾಲಿದರೆ ಆ ದ್ರವಕ್ಕೆ ತಿಳಿಯುವುದೇ ಇಲ್ಲ. ವಾಲಿದ ವಿಮಾನವನ್ನು ಸರಿಮಾಡಿದಾಗ, ಈಗ ಆ ಕಡೆ ವಾಲಿತು ಎಂದು ಸುಳ್ಳು ಹೇಳುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಮೋಡದಲ್ಲಿ ಹಾರುವ ತರಬೇತಿ ಇಲ್ಲದ 20 ಜನರನ್ನು ಹೊರಗಿನದು ಕಾಣದಂತೆ ಮಾಡಿ ಹಾರಿಸಲು ಬಿಟ್ಟು ನೋಡಿದರು. 20 ಜನರೂ ವಿಮಾನದ ಹತೋಟಿ ಕಳೆದುಕೊಂಡರು. ಸರಾಸರಿ ತೆಗೆದುಕೊಂಡ ಸಮಯ 178 ಸೆಕೆಂಡ್. ಮೂರು ನಿಮಿಷವೂ ಇಲ್ಲ.

ಆ ಹೊತ್ತಿನಲ್ಲಿ ಪೈಲಟ್‌ನ ಕಣ್ಣಾಗುವುದು ಆಟಿಟ್ಯೂಡ್ ಇಂಡಿಕೇಟರ್ ಎಂಬ ದುಂಡನೆಯ ಮೀಟರ್. ಮೇಲೆ ನೀಲಿ, ಕೆಳಗೆ ಕಂದು, ನಡುವೆ ದಿಗಂತದ ಗೆರೆ. ಹಳೆ ವಿಮಾನಗಳಲ್ಲಿ ಇದರ ಒಳಗಿರುವುದು ಒಂದು ಬುಗುರಿಯೇ. ಜೋರಾಗಿ ತಿರುಗುವ ಬುಗುರಿ ನೆಟ್ಟಗೆ ನಿಲ್ಲುತ್ತದಲ್ಲ, ಹಾಗೆಯೇ ಇದರೊಳಗಿನ ಚಕ್ರ ವಿಮಾನ ಹೇಗೆ ಹೊರಳಿದರೂ ತಾನು ನೆಟ್ಟಗೇ ಇರುತ್ತದೆ. ಆ ಚಕ್ರವನ್ನು ತಿರುಗಿಸುವುದು ಗಾಳಿ. ಎಂಜಿನ್ನಿಗೆ ಜೋಡಿಸಿದ ಒಂದು ಸಣ್ಣ ಪಂಪು ಗಾಳಿಯನ್ನು ಹೀರುತ್ತದೆ, ಒಳನುಗ್ಗುವ ಗಾಳಿ ಚಕ್ರದ ಅಂಚಿಗೆ ಬಡಿದು ಅದನ್ನು ತಿರುಗಿಸುತ್ತದೆ.

ಈ ಪಂಪಿನ ಕೆಟ್ಟ ಗುಣವೆಂದರೆ ಸೂಚನೆ ಕೊಡದೆ ನಿಂತುಬಿಡುವುದು. ಪಂಪು ನಿಂತ ತಕ್ಷಣ ಬುಗುರಿ ನಿಲ್ಲುವುದಿಲ್ಲ. ಅಂಗಳದಲ್ಲಿ ಆಡಿಸಿದ ಬುಗುರಿ ಕೊನೆಗೆ ಹೇಗೆ ಮೆಲ್ಲಗೆ ತಲೆ ವಾಲಿಸುತ್ತ ಬೀಳುತ್ತದೆಯೋ ಹಾಗೆ ಇದೂ ಮೆಲ್ಲಗೆ ವಾಲುತ್ತದೆ. ಮೀಟರ್ ಸತ್ತಂತೆ ಕಾಣುವುದಿಲ್ಲ, ಬದುಕಿದ್ದೇ ಸುಳ್ಳು ಹೇಳುತ್ತದೆ. ಅದನ್ನು ನಂಬಿದ ಪೈಲಟ್ ನೆಟ್ಟಗಿದ್ದ ವಿಮಾನವನ್ನು ತಾನೇ ವಾಲಿಸುತ್ತಾನೆ.

ಪಂಪು ಸರಿಯಿದ್ದಾಗಲೂ ಮೀಟರೇ ಕೆಡಬಹುದು. 2000ದ ಅಕ್ಟೋಬರ್ 16ರ ರಾತ್ರಿ ಮಿಸೌರಿ ರಾಜ್ಯದ ಗವರ್ನರ್ ಮೆಲ್ ಕಾರ್ನಹಾನ್ ಚುನಾವಣಾ ಪ್ರಚಾರಕ್ಕೆ ಹೊರಟಿದ್ದ ಸೆಸ್ನಾ 335 ಬಿತ್ತು. ಹಾರಿಸುತ್ತಿದ್ದವರು ಅವರ ಮಗ. ಇಬ್ಬರೂ, ಜೊತೆಗಿದ್ದ ಸಹಾಯಕರೂ ತೀರಿಕೊಂಡರು. ಎಡಗಡೆಯ ಮುಖ್ಯ ಮೀಟರ್ ಕೈಕೊಟ್ಟಿದೆ, ಬಲಗಡೆಯದನ್ನು ನೋಡಿ ಹಾರಿಸಲು ನೋಡುತ್ತಿದ್ದೇನೆ ಎಂದು ಪೈಲಟ್ ಕಂಟ್ರೋಲರ್‌ಗೆ ತಿಳಿಸಿದ್ದರು. ಪೈಲಟ್ ದಿಕ್ಕು ದೆಸೆಯ ಅರಿವು ತಪ್ಪಿ ಹತೋಟಿ ಕಳೆದುಕೊಂಡದ್ದು ಅಪಘಾತಕ್ಕೆ ಕಾರಣ, ಮೀಟರ್ ಕೆಟ್ಟದ್ದೂ ಕೆಟ್ಟ ಹವೆಯೂ ಅದಕ್ಕೆ ಕೂಡಿಕೊಂಡವು ಎಂದು ತನಿಖೆ ಹೇಳಿತು.

ಒಂದೇ ಕೆಲಸ, ಎರಡು ಬೆಲೆ

ನಿಮ್ಮ ಮೊಬೈಲನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡವಾಗುತ್ತದೆ. ಮೊಬೈಲಿನೊಳಗೆ ವಾಲಿದ್ದನ್ನು ಅಳೆಯುವ ಅಕ್ಕಿಕಾಳಿನಷ್ಟು ಚಿಕ್ಕ ಎಲೆಕ್ಟ್ರಾನಿಕ್ ಚಿಪ್ ಇದೆ. ಅಂಥದೇ, ಅದಕ್ಕಿಂತ ನಿಖರವಾದ ಚಿಪ್ ಬಳಸಿ ಬುಗುರಿಯಿಲ್ಲದ, ಪಂಪಿಲ್ಲದ, ಸ್ವಂತ ಬ್ಯಾಟರಿಯ ಮೀಟರ್ ಮಾಡಬಹುದು ಎಂಬುದು ಇಪ್ಪತ್ತು ವರ್ಷದ ಹಿಂದೆಯೇ ಗೊತ್ತಿತ್ತು. ಮಾಡಿಯೂ ಇದ್ದರು. ಆದರೆ ಅದು ಹೋಗಿ ಕೂತದ್ದು ಮನೆಯಲ್ಲೇ ಕಟ್ಟಿಕೊಂಡ ವಿಮಾನಗಳಲ್ಲಿ.

ಅಮೆರಿಕದಲ್ಲಿ ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಕ್ಕಾಗಿ, ಕಲಿಕೆಗಾಗಿ ಸ್ವತಃ ಮಾಡಿದವರಿಗೆ ಎಕ್ಸ್‌ಪೆರಿಮೆಂಟಲ್ ಎಂಬ ಬೇರೆ ವರ್ಗವಿದೆ. ಆ ವಿಮಾನಕ್ಕೆ ಟೈಪ್ ಸರ್ಟಿಫಿಕೇಟ್ ಇರುವುದಿಲ್ಲ. ಜಾತಕವೇ ಇಲ್ಲದ ಮೇಲೆ ಅದಕ್ಕೆ ಹೊಂದಬೇಕೆಂಬ ಮಾತೂ ಇಲ್ಲ. ಅಲ್ಲಿಗೆ ಹೊಸ ಉಪಕರಣಗಳು ಸುಲಭದ ಬೆಲೆಗೆ ಬಂದವು. ಪಕ್ಕದ ಶೆಡ್ಡಿನಲ್ಲಿ ನಿಂತ, ಕಾರ್ಖಾನೆಯಲ್ಲೇ ತಯಾರಾದ 1976ರ ಸೆಸ್ನಾಗೆ ಅದೇ ಕೆಲಸ ಮಾಡುವ ಒಪ್ಪಿಗೆಯ ಉಪಕರಣ ಬೇಕೆಂದರೆ ಹಲವು ಪಟ್ಟು ಹಣ. ಮಾಲೀಕರು ಲೆಕ್ಕ ಹಾಕಿ, ಹಳೆ ಬುಗುರಿಯನ್ನೇ ರಿಪೇರಿ ಮಾಡಿಸಿಕೊಂಡು ಹಾರಿದರು.

ಸುರಕ್ಷತೆಗೆಂದು ಮಾಡಿದ ನಿಯಮವೇ ಹೆಚ್ಚು ಸುರಕ್ಷಿತವಾದ ವಸ್ತುವನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿತ್ತು. ನಿಯಮ ಬರೆದವರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಇನ್ನೂರು ಮುನ್ನೂರು ಜನರನ್ನು ಹೊತ್ತೊಯ್ಯುವ ಜೆಟ್‌ಗಳ ಕಾಲಕ್ಕೆ ಕಟ್ಟಿದ ತಕ್ಕಡಿಯಲ್ಲಿ ನಾಲ್ಕು ಸೀಟಿನ ವಿಮಾನವನ್ನೂ ತೂಗುತ್ತ ಹೋದದ್ದು ತೊಡಕಾಯಿತು.

ಸಡಿಲಿಸಿದ್ದು ಏನನ್ನು?

ಮೊದಲ ಹೆಜ್ಜೆ ತಕ್ಕಡಿಯನ್ನೇ ಬದಲಿಸುವುದು. ಒಂದು ಉಪಕರಣ ಕೆಟ್ಟು ವಿಮಾನವೇ ಬೀಳುವಂಥ ಸಂಭವ ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ 100 ಕೋಟಿ ಹಾರಾಟದ ಗಂಟೆಗೆ ಒಂದಕ್ಕಿಂತ ಕಡಿಮೆ ಇರಬೇಕು ಎಂಬುದು ಅಳತೆಗೋಲು. 1999ರಲ್ಲಿ ಎಫ್‌ಎಎ ಸಣ್ಣ ವಿಮಾನಗಳನ್ನು ನಾಲ್ಕು ದರ್ಜೆಗಳಾಗಿ ಬೇರ್ಪಡಿಸಿತು. ಒಂದೇ ಎಂಜಿನ್ನಿನ ಹಗುರ ವಿಮಾನಗಳಿರುವ ಮೊದಲ ದರ್ಜೆಗೆ ಆ ಅಳತೆಯನ್ನು 10 ಲಕ್ಷ ಗಂಟೆಗೆ ಒಂದು ಎಂದು ಇಳಿಸಿತು. ಇಳಿಸಿದ್ದು ನೋಡಿದರೆ ಗಾಬರಿಯಾಗುತ್ತದೆ. ಆದರೆ ಎಂದೂ ಕೊಳ್ಳಲಾಗದ 100 ಕೋಟಿ ಗಂಟೆಯ ಅಳತೆಯ ಮೀಟರಿಗಿಂತ, ಇಂದೇ ಕೊಂಡು ಹಾಕಬಹುದಾದ 10 ಲಕ್ಷ ಗಂಟೆಯ ಅಳತೆಯ ಮೀಟರು ಹಳೆ ಬುಗುರಿಯ ಬದಲಿಗೆ ಎಷ್ಟೋ ಮೇಲು ಎಂಬುದು ಅದರ ಹಿಂದಿನ ಲೆಕ್ಕ. ನನಗೂ ಆ ಲೆಕ್ಕ ಸರಿ ಎನಿಸುತ್ತದೆ.

ಹೆಗಲ ಬೆಲ್ಟಿನದು ಇನ್ನೊಂದು ಉದಾಹರಣೆ. 1978ರ ಜುಲೈ 18ಕ್ಕಿಂತ ಮುಂಚೆ ತಯಾರಾದ ಸಣ್ಣ ವಿಮಾನಗಳ ಮುಂದಿನ ಸೀಟಿಗೂ ಹೆಗಲ ಬೆಲ್ಟ್ ಕಡ್ಡಾಯವಿರಲಿಲ್ಲ, ಸೊಂಟದ ಪಟ್ಟಿ ಸಾಕಿತ್ತು. ಹಳೆ ವಿಮಾನಕ್ಕೆ ಹೆಗಲ ಬೆಲ್ಟ್ ಹಾಕಿಸುವುದನ್ನು ಸಣ್ಣ ಬದಲಾವಣೆ ಎಂದು ಪರಿಗಣಿಸಲು 2000ದಲ್ಲಿ ದಾರಿ ಮಾಡಿದರು. ಹಣೆ ಹೋಗಿ ಮೀಟರ್ ಬೋರ್ಡಿಗೆ ಬಡಿಯುವುದನ್ನು ತಪ್ಪಿಸುವ ಪಟ್ಟಿಗೆ ವರ್ಷಗಟ್ಟಲೆ ಕಾಗದ ಓಡಾಡಬಾರದಲ್ಲ.

2013ರ ನವೆಂಬರಿನಲ್ಲಿ ಅಮೆರಿಕದ ಸಂಸತ್ತು ಸಣ್ಣ ವಿಮಾನಗಳ ನಿಯಮ ಸರಳಗೊಳಿಸಿ ಎಂದು ಎಫ್‌ಎಎಗೆ ಹೇಳುವ ಕಾನೂನನ್ನೇ ಮಾಡಿತು. ಅಲ್ಲಿಂದ ಕೆಲಸ ಬಿರುಸಾಯಿತು.

2014ರ ಫೆಬ್ರವರಿಯಲ್ಲಿ ಆಂಗಲ್ ಆಫ್ ಅಟ್ಯಾಕ್ ಸೂಚಕ ಎಂಬ ಉಪಕರಣದ ಸರದಿ. ಬಸ್ಸಿನ ಕಿಟಕಿಯಿಂದ ಅಂಗೈ ಹೊರಗೆ ಚಾಚಿ ಮುಂದಿನ ಅಂಚನ್ನು ಸ್ವಲ್ಪ ಎತ್ತಿದರೆ ಗಾಳಿ ಕೈಯನ್ನು ಮೇಲೆತ್ತುತ್ತದೆ. ಇನ್ನೂ ಎತ್ತುತ್ತ ಹೋದರೆ ಒಂದು ಹಂತದಲ್ಲಿ ಮೇಲೇಳುವುದು ನಿಂತು ಕೈ ಬರೀ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ. ರೆಕ್ಕೆಯೂ ಹಾಗೆಯೇ. ಗಾಳಿಗೆ ಅದು ಹಿಡಿದ ಕೋನ ಮಿತಿ ಮೀರಿದರೆ ಎತ್ತುವ ಬಲ ಕುಸಿಯುತ್ತದೆ, ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಸಣ್ಣ ವಿಮಾನಗಳ ಸಾವಿನ ಅಪಘಾತಗಳಲ್ಲಿ ಹಾರುತ್ತಿರುವಾಗಲೇ ಹತೋಟಿ ತಪ್ಪುವುದು ಮೊದಲ ಕಾರಣ, ಅದರಲ್ಲಿ ಸ್ಟಾಲ್‌ನ ಪಾಲು ದೊಡ್ಡದು. ಆ ಕೋನವನ್ನು ಪೈಲಟ್‌ಗೆ ತೋರಿಸುವ, ಯುದ್ಧವಿಮಾನಗಳಲ್ಲಿ ದಶಕಗಳಿಂದ ಇದ್ದ ಈ ಸೂಚಕವನ್ನು ಸಣ್ಣ ವಿಮಾನಕ್ಕೂ ಸುಲಭವಾಗಿ ಹಾಕಿಸಲು ಆಗ ದಾರಿ ಮಾಡಿದರು.

2016ರ ಮಾರ್ಚಿನಲ್ಲಿ ಆ ದಾರಿಯನ್ನು ಅಗಲ ಮಾಡಿದ ನೀತಿ ಬಂತು. ಅದರ ಹೆಸರು ನಾರ್ಸಿ. ಕಡ್ಡಾಯವಲ್ಲದ, ಆದರೆ ಸುರಕ್ಷತೆ ಹೆಚ್ಚಿಸುವ ಉಪಕರಣಗಳು ಎಂದು ಅರ್ಥ. ಲಾರಿಯ ಬ್ರೇಕ್ ಬದಲಿಸಿದರೆ ಬ್ರೇಕ್ ಇನ್‌ಸ್ಪೆಕ್ಟರ್ ಕೇಳುತ್ತಾರೆ, ಕೇಳಲೇಬೇಕು. ಹಿಂದೆ ಯಾರಿದ್ದಾರೆ ಎಂದು ನೋಡಲು ಕ್ಯಾಮೆರಾ ಹಾಕಿಸಿದರೆ ಯಾಕೆ ಕೇಳಬೇಕು? ಕ್ಯಾಮೆರಾ ಕೆಟ್ಟರೆ ಡ್ರೈವರ್ ಮೊದಲಿನಂತೆ ಕನ್ನಡಿ ನೋಡಿಕೊಳ್ಳುತ್ತಾನೆ. ನಾರ್ಸಿಯ ಒಳತಿರುಳು ಇದೇ. ಉಪಕರಣ ಕೆಟ್ಟರೆ ಆಗುವ ತೊಂದರೆ ಚಿಕ್ಕದಾಗಿರಬೇಕು, ಕಡ್ಡಾಯ ಉಪಕರಣದ ಜಾಗವನ್ನು ಅದು ಕಸಿಯಬಾರದು, ಪಕ್ಕದಲ್ಲಿ ಹೆಚ್ಚುವರಿಯಾಗಿ ಕೂರಬೇಕು. ಹತ್ತಿರ ಬರುವ ಬೇರೆ ವಿಮಾನ ತೋರಿಸುವ ಪರದೆ, ಎದುರಿನ ಗುಡ್ಡದ ಎಚ್ಚರಿಕೆ, ಹೆಚ್ಚುವರಿ ದಿಗಂತ ಮೀಟರ್, ಇಂಥವು ಈ ಬಾಗಿಲಿನಿಂದ ಒಳಬಂದವು.

ಹಾಗಾದರೆ ಬುಗುರಿಯನ್ನು ತೆಗೆದೇ ಅದರ ಜಾಗದಲ್ಲಿ ಸ್ಕ್ರೀನ್ ಕೂರಿಸಿದ್ದು ಹೇಗೆ? ಅದು ನಾರ್ಸಿಯಿಂದ ಆದದ್ದಲ್ಲ, ಅಗ್ಗವಾದ ಎಸ್‌ಟಿಸಿಯಿಂದ. 2016ರ ಏಪ್ರಿಲ್‌ನಲ್ಲಿ ಹವ್ಯಾಸಿ ವಿಮಾನಪ್ರಿಯರ ಸಂಘವಾದ ಇಎಎ, ಮನೆಯಲ್ಲಿ ಕಟ್ಟಿದ ವಿಮಾನಗಳಿಗೆಂದು ಮಾಡಿದ್ದ ಡೈನಾನ್ ಕಂಪನಿಯ ಡಿ10ಎ ಮೀಟರನ್ನು ಸೆಸ್ನಾ 172, ಪೈಪರ್ ಪಿಎ-28ರಂಥ ಮಾದರಿಗಳಿಗೆ ಹಾಕಲು ಎಸ್‌ಟಿಸಿ ಪಡೆದು ತೋರಿಸಿತು. ಕಂಪನಿಯಲ್ಲ, ಒಂದು ಸದಸ್ಯರ ಸಂಘ ಹೋಗಿ ಬಾಗಿಲು ತಟ್ಟಿ ತೆರೆಸಿತು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಅದೇ ವರ್ಷದ ಜುಲೈನಲ್ಲಿ ಗಾರ್ಮಿನ್ ಕಂಪನಿ ಜಿ5 ಎಂಬ ಮೀಟರಿಗೆ ಒಂದೇ ಎಸ್‌ಟಿಸಿಯಲ್ಲಿ ನೂರಾರು ಮಾದರಿಗಳ ಪಟ್ಟಿಯನ್ನೇ ಸೇರಿಸಿ ಒಪ್ಪಿಗೆ ಪಡೆಯಿತು. ಮುನ್ನೂರು ಜನರ ತಲೆಗೆ ಬೀಳುತ್ತಿದ್ದ ಖರ್ಚು ಹೀಗೆ ಸಾವಿರಾರು ಜನರಿಗೆ ಹಂಚಿಹೋಯಿತು. ವಿಮಾನದ ವಿದ್ಯುತ್ ಹೋದರೂ ಈ ಮೀಟರ್ ಸ್ವಂತ ಬ್ಯಾಟರಿಯಲ್ಲಿ 4 ಗಂಟೆಯವರೆಗೆ ನಡೆಯಬಲ್ಲದು. ಗಂಗಾವತಿಯ ಹುಡುಗನ ವಿಮಾನದಲ್ಲಿರುವುದು ಇದೇ.

2017ರ ಆಗಸ್ಟ್ 30ರಿಂದ ಸಣ್ಣ ವಿಮಾನಗಳ ವಿನ್ಯಾಸದ ಮೂಲ ನಿಯಮವನ್ನೇ ಹೊಸದಾಗಿ ಬರೆದು ಜಾರಿಗೆ ತಂದರು. ಗೇಟಿಗೆ ಇಂಥದೇ ಉಕ್ಕು, ಇಷ್ಟೇ ದಪ್ಪ, ಇಷ್ಟೇ ಬೋಲ್ಟು ಎಂದು ಹೇಳುವುದು ಹಳೆ ಪದ್ಧತಿ. ಇಷ್ಟು ನೀರಿನ ಒತ್ತಡ ತಡೆಯಬೇಕು, ಹೇಗೆ ತಡೆಯುತ್ತೀರಿ ಎಂದು ತೋರಿಸಿ ಎನ್ನುವುದು ಹೊಸ ಪದ್ಧತಿ. ಹೇಗೆ ತೋರಿಸಬೇಕು ಎಂಬ ವಿವರಗಳನ್ನು ತಯಾರಕರು, ತಜ್ಞರು, ಸರ್ಕಾರದವರು ಒಟ್ಟಾಗಿ ಕೂತು ಬರೆಯುವ ಮಾನದಂಡಗಳಿಗೆ ಬಿಟ್ಟರು.

ಈಚಿನದು 2025ರ ಜುಲೈನಲ್ಲಿ ಪ್ರಕಟವಾದ ಮೊಸಾಯಿಕ್ ನಿಯಮ. ಲಘು ವಿಮಾನ ಎನಿಸಿಕೊಳ್ಳಲು ಮೊದಲು 600 ಕಿಲೋ ತೂಕದ ಮಿತಿಯಿತ್ತು. ಈಗ ತೂಕ ಬಿಟ್ಟು, ವಿಮಾನ ಎಷ್ಟು ನಿಧಾನದವರೆಗೆ ಸುರಕ್ಷಿತವಾಗಿ ಹಾರಬಲ್ಲದು ಎಂಬುದನ್ನು ಅಳತೆ ಮಾಡಿಕೊಂಡರು. ಪೈಲಟ್‌ಗಳಿಗೆ ಸಂಬಂಧಿಸಿದ ಭಾಗ 2025ರ ಅಕ್ಟೋಬರ್ 22ರಿಂದ, ವಿಮಾನಗಳ ಒಪ್ಪಿಗೆಯ ಭಾಗ 2026ರ ಜುಲೈ 24ರಿಂದ ಜಾರಿ ಎಂದು ದಿನ ಗೊತ್ತುಮಾಡಿದರು. ಹಳೆ ವಿಮಾನದ ಮೀಟರಿಗೆ ಇದು ನೇರವಾಗಿ ತಾಕುವುದಿಲ್ಲ, ಆದರೆ ದಿಕ್ಕು ಅದೇ.

ಸಡಿಲಿಸದೇ ಬಿಟ್ಟದ್ದು

ರೆಕ್ಕೆ, ರೆಕ್ಕೆಯ ತೊಲೆ, ಎಂಜಿನ್, ಹಾರಾಟ ನಿಯಂತ್ರಿಸುವ ತಂತಿಗಳು, ಇಂಧನದ ಕೊಳವೆ, ಇವುಗಳನ್ನು ಮುಟ್ಟುವ ನಿಯಮ ಹಾಗೆಯೇ ಬಿಗಿಯಾಗಿದೆ. ಇರಲೇಬೇಕು ಎನ್ನಲು 2018ರ ಏಪ್ರಿಲ್ 4ರ ಘಟನೆ ಸಾಕು. ಫ್ಲೋರಿಡಾದ ಡೇಟೋನಾ ಬೀಚ್‌ನಲ್ಲಿ ತರಬೇತಿ ವಿಶ್ವವಿದ್ಯಾಲಯವೊಂದರ ಪೈಪರ್ ವಿಮಾನದ ಎಡರೆಕ್ಕೆ ಹಾರುತ್ತಿರುವಾಗಲೇ ಕಳಚಿತು. ವಿದ್ಯಾರ್ಥಿಯೂ ಪರೀಕ್ಷಕರೂ ಉಳಿಯಲಿಲ್ಲ. ರೆಕ್ಕೆಯ ತೊಲೆಯಲ್ಲಿ ಕಣ್ಣಿಗೆ ಕಾಣದಂತೆ ಬಿರುಕು ಬೆಳೆದಿತ್ತು. ಆ ವಿಮಾನ ತಯಾರಾದದ್ದು 2007ರಲ್ಲಿ, ಹನ್ನೊಂದು ವರ್ಷದ್ದು ಅಷ್ಟೇ. ಆದರೆ 7,600 ಗಂಟೆಗೂ ಹೆಚ್ಚು ಹಾರಿತ್ತು, ಅದೂ ದಿನಕ್ಕೆ ಎಷ್ಟೋ ಸಲ ಇಳಿದೇರುವ ತರಬೇತಿ ಹಾರಾಟ. ಆಮೇಲೆ ಅಂಥ ವಿಮಾನಗಳ ತೊಲೆಯ ಬೋಲ್ಟಿನ ತೂತುಗಳನ್ನು ವಿಶೇಷ ಉಪಕರಣದಿಂದ ಪರೀಕ್ಷಿಸಬೇಕೆಂಬ ಕಡ್ಡಾಯ ಆದೇಶ ಬಂತು. ಸಂಡೂರಿನ ಅದಿರು ಟಿಪ್ಪರ್ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಡಿಯ ವಯಸ್ಸು ಆರ್‌ಸಿಯಲ್ಲಿರುವ ವರ್ಷವಲ್ಲ, ಹೊತ್ತ ಲೋಡು.

ಹೊಸ ಸ್ಕ್ರೀನ್ ಬಂದ ಮಾತ್ರಕ್ಕೆ ವಿಮಾನ ಸುರಕ್ಷಿತವಾಯಿತು ಎಂದೂ ಇಲ್ಲ. ಅಮೆರಿಕದ ಅಪಘಾತ ತನಿಖಾ ಮಂಡಳಿ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಪೂರ್ತಿ ಸ್ಕ್ರೀನಿನ ಸಣ್ಣ ವಿಮಾನಗಳನ್ನೂ ಹಳೆ ದುಂಡು ಮೀಟರಿನವನ್ನೂ ಹೋಲಿಸಿದಾಗ, ಸ್ಕ್ರೀನಿನವಕ್ಕೆ ಒಟ್ಟು ಅಪಘಾತದ ದರ ಕಡಿಮೆ ಇತ್ತು, ಸಾವಿನ ಅಪಘಾತದ ದರ ಹೆಚ್ಚಿತ್ತು. ದೂರದ ಪ್ರಯಾಣಕ್ಕೆ, ಕೆಟ್ಟ ಹವೆಗೆ ಅವನ್ನು ಹೆಚ್ಚು ಬಳಸುತ್ತಿದ್ದದ್ದು ಇದಕ್ಕೆ ಒಂದು ವಿವರಣೆ. ಆ ನಿರ್ದಿಷ್ಟ ಸ್ಕ್ರೀನಿನ ಮೇಲೆಯೇ ತರಬೇತಿ ಬೇಕು ಎಂದು ಮಂಡಳಿ ಒತ್ತಿ ಹೇಳಿತು.

ಬೇರೆ ಕಡೆ, ನಮ್ಮ ಕಡೆ

ಯುರೋಪಿನಲ್ಲಿ 2015ರಿಂದ ಸಿಎಸ್-ಸ್ಟ್ಯಾನ್ ಎಂಬ ಪುಸ್ತಕವಿದೆ. ಅದರಲ್ಲಿ ವಿವರಿಸಿದ ಕ್ರಮದಂತೆಯೇ ಮಾಡಿದರೆ ಪಟ್ಟಿಯಲ್ಲಿರುವ ಬದಲಾವಣೆಗಳಿಗೆ ಬೇರೆ ಒಪ್ಪಿಗೆ ಬೇಡ. ಕೆನಡಾದಲ್ಲಿ ಕೆಲವು ಹಳೆ ವಿಮಾನಗಳನ್ನು ಮಾಲೀಕನೇ ನಿರ್ವಹಿಸುವ ವರ್ಗಕ್ಕೆ ಸೇರಿಸಬಹುದು. ಆದರೆ ಒಮ್ಮೆ ಆ ಕಡೆ ಹೋದ ವಿಮಾನವನ್ನು ಮೊದಲಿನ ವರ್ಗಕ್ಕೆ ತರುವುದು ಬಹಳ ಕಷ್ಟ, ಅದನ್ನು ಅಮೆರಿಕದೊಳಗೆ ಹಾರಿಸಲೂ ಬಿಡುವುದಿಲ್ಲ.

ಭಾರತದಲ್ಲಿ 1934ರ ಹಳೆ ವಿಮಾನ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಬಂದಿದೆ. ನಮ್ಮಲ್ಲಿ ನೋಂದಣಿಯಾದ ವಿಮಾನದ ಗುರುತು ವಿಟಿ ಎಂದು ಶುರುವಾಗುತ್ತದೆ. ಅದರಲ್ಲಿ ಮಾಡುವ ಬದಲಾವಣೆಗೆ ಡಿಜಿಸಿಎ ನಿಯಮದ ಒಪ್ಪಿಗೆ ಬೇಕು. ಅಮೆರಿಕದಲ್ಲಿ ಸಡಿಲವಾಯಿತು ಎಂದ ಮಾತ್ರಕ್ಕೆ ಇಲ್ಲಿನ ನಿಯಮ ನೋಡದೆ ವಿಟಿ ವಿಮಾನಕ್ಕೆ ಮೀಟರ್ ಹಾಕಿಸಲು ಬರುವುದಿಲ್ಲ. ವಿಮಾನ ಹಾರಲು ಯೋಗ್ಯವೇ ಎಂಬ ಪರಿಶೀಲನೆಯ ಪತ್ರವನ್ನು ಇಲ್ಲಿ ವರ್ಷವರ್ಷವೂ ಹೊಸದಾಗಿ ಪಡೆಯಬೇಕು.

ಗಂಗಾವತಿಯಿಂದ ಕೇಳಬಹುದಾದದ್ದು

ಎಲ್ಲ ಕೇಳಿದ ಮೇಲೆ ಗಿರಣಿ ಮಾಲೀಕರು ಅಂದರು: "ಹಂಗಾದ್ರ ವರ್ಷ ಕೇಳಬ್ಯಾಡ ಅಂತೀರಿ. ಮತ್ತ ಏನ್ ಕೇಳ್ಲಿ?"

ಲಾಗ್‌ಬುಕ್ ಕೇಳಿ ಎಂದೆ. ಒಟ್ಟು ಎಷ್ಟು ಗಂಟೆ ಹಾರಿದೆ, ಎಂಜಿನ್ ಬಿಚ್ಚಿ ಕಟ್ಟಿದ ಮೇಲೆ ಎಷ್ಟು ಗಂಟೆಯಾಯಿತು? ಅಮೆರಿಕದಲ್ಲಿ ಬಾಡಿಗೆಗೆ ಕೊಟ್ಟು ಕಲಿಸುವ ವಿಮಾನಕ್ಕೆ ವರ್ಷದ ತಪಾಸಣೆಯ ಜೊತೆಗೆ ಪ್ರತಿ 100 ಗಂಟೆಗೊಮ್ಮೆಯೂ ತಪಾಸಣೆ ಆಗಬೇಕು, ಕೊನೆಯದು ಯಾವಾಗ ಆಯಿತು? ಆ ಮಾದರಿಗೆ ಬಂದ ಕಡ್ಡಾಯ ಆದೇಶಗಳನ್ನೆಲ್ಲ ಪಾಲಿಸಿ ಬರೆದಿದ್ದಾರೆಯೇ? ಹೆಗಲ ಬೆಲ್ಟ್ ಇದೆಯೇ? ಆ ಸ್ಕ್ರೀನು ಯಾವ ಎಸ್‌ಟಿಸಿಯಲ್ಲಿ ಕೂತಿದೆ, ಅದರ ಬ್ಯಾಟರಿಯನ್ನು ಯಾವಾಗ ಪರೀಕ್ಷಿಸಿದರು? ಇವನ್ನು ಕೇಳುವುದು ವಿದ್ಯಾರ್ಥಿಯ ಹಕ್ಕು. ಒಳ್ಳೆ ಶಾಲೆಯವರು ಬೇಸರಿಸಿಕೊಳ್ಳದೆ ಪುಸ್ತಕ ತೆಗೆದು ತೋರಿಸುತ್ತಾರೆ.

ಮೂರು ದಿನದ ಮೇಲೆ ಮಗನಿಂದ ಅಪ್ಪನಿಗೆ ಐದು ಫೋಟೊ ಬಂದವು, ಅವರಿಂದ ನನಗೆ. ಇಂಗ್ಲಿಷಿನ ಕೈಬರಹ, ಒಂದೊಂದು ಸಾಲಿಗೂ ಸಹಿ, ಗಂಟೆ, ತಾರೀಖು. ಇಬ್ಬರೂ ಫೋನಿನಲ್ಲಿ ಕೂತು ಸಾಲು ಸಾಲಾಗಿ ಓದಿದೆವು. ಹೆಗಲ ಬೆಲ್ಟ್ ಹಾಕಿದ ಸಾಲು ಸಿಕ್ಕಿತು, ಗಾಳಿ ಪಂಪು ಬದಲಿಸಿದ ಮೂರು ಸಾಲು ಸಿಕ್ಕವು, ಕೊನೆಗೆ ಬುಗುರಿ ಮೀಟರ್ ತೆಗೆದು ಹೊಸದು ಕೂರಿಸಿ, ವಿಮಾನದ ತೂಕವನ್ನು ಮತ್ತೆ ಲೆಕ್ಕ ಹಾಕಿ ಬರೆದ ಸಾಲೂ ಸಿಕ್ಕಿತು. ನೂರು ಗಂಟೆಯ ತಪಾಸಣೆ ಆಗಿ ಹನ್ನೆರಡು ಗಂಟೆಯಾಗಿತ್ತು. ಎಂಜಿನ್ನಿನ ಪುಟ ಮಾತ್ರ ಫೋಟೊದಲ್ಲಿ ಇರಲಿಲ್ಲ. ಅದನ್ನೂ ಕಳಿಸಲು ಮಗನಿಗೆ ಹೇಳಿದ್ದಾರೆ.